ಅರಗಿನ ಪ್ಲೇಟು, ಗೋವೆಯ ಬ್ಯಾಂಡು

“ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ನೀ ಅದೆಂತ ಹಾಕ್ಕಂಡು ಕೂತ್ಕಂತೀಯೇ? ಒಂದು ಕಡೆ ಕಹಳೆ ಕುಂಯ್ ಅಂತದೆ, ಮತ್ತೊಂದು ಕಡೆ ಮೂರು ನಾಲ್ಕು ಜನ ಒಟ್ಟಿಗೇ ಮೂಗಲ್ಲಿ ಹಾಡ್ತಾರೆ” ಅಂತ ಅಂಕೋಲೆಯ ಅತ್ತಿಗೆ ಫೋನಿನಲ್ಲಿ ಕೇಳಿದ್ರು. ನೂರು ವರ್ಷದ ಹಿಂದಿನ ಡಾನ್ಸ್ ಬ್ಯಾಂಡು ಅತ್ತಿಗೆ, ಜಾಝ್ ಕಾಲದ್ದು ಅಂದೆ. “ಇಂಗ್ಲಿಷರ ಕುಣಿತ ನಮಗೆಂತಕ್ಕೆ?” ಅಂದ್ರು. ಅಷ್ಟೊತ್ತಿಗೆ ಅವರ ಬಾಗಿಲಿಗೆ ಮೀನಿನವಳು ಬಂದ್ಲು, ಮಾತು ಅಲ್ಲಿಗೇ ನಿಂತಿತು. ಆ ಪ್ರಶ್ನೆಗೆ ಫೋನಿನಲ್ಲಿ ಹೇಳಿ ಮುಗಿಸೂಕೆ ಬರೂದಿಲ್ಲ. ಹಂಗಾಗಿ ಇಲ್ಲಿ ಬರೀತೆ, ಅವರೂ ಓದ್ತಾರೆ, ನೀವೂ ಓದಿ.

ಮೊದಲು ಒಂದು ಪದ ನೆನಪು ಮಾಡ್ಕಳ್ಳಿ. ‘ಗೋರೆ ಗೋರೆ ಓ ಬಾಂಕೆ ಛೋರೆ’. ನಮ್ಮಲ್ಲಿ ಐವತ್ತು ದಾಟಿದವರಿಗೆ ಇದು ಗೊತ್ತಿಲ್ಲ ಅನ್ನೂಕೆ ಸಾಧ್ಯವೇ ಇಲ್ಲ. ಮದುವೆ ಮನೆಯಲ್ಲಿ ಮೆಹೆಂದಿ ಹಚ್ಚೂವಾಗ ಈಗಿನ ಹುಡುಗೀರೂ ಹಾಕ್ತಾರೆ. 1950ರ ‘ಸಮಾಧಿ’ ಸಿನೆಮಾದ್ದು, ಸಂಗೀತ ಸಿ. ರಾಮಚಂದ್ರ ಅವರದ್ದು. ತೆರೆಯ ಮೇಲೆ ಕುಣಿಯೂದು ನಳಿನಿ ಜಯವಂತ್ ಮತ್ತು ಕುಲದೀಪ್ ಕೌರ್. ಹಾಡಿದ್ದು ಲತಾ ಮಂಗೇಶ್ಕರ್ ಒಬ್ಬರೇ ಅಂತ ರಾಶಿ ಜನ ತಿಳ್ಕಂಡಿದ್ದಾರೆ. ಅಲ್ಲ. ಅವರ ಕೂಡೆ ಇನ್ನೊಂದು ದನಿ ಅದೆ, ಅದು ಅಮೀರಬಾಯಿ ಕರ್ನಾಟಕಿ ಅವರದ್ದು. ಬೀಳಗಿಯ ಹೆಣ್ಣುಮಗಳು, ಅಚ್ಚ ಕನ್ನಡದವರು. ಇನ್ನು ಆ ಪದದ ಧಾಟಿ ಎಲ್ಲಿಂದ ಬಂತು ಅಂತ ಕೇಳಿದ್ರೆ, ‘ಚಿಕೊ ಚಿಕೊ’ ಅನ್ನೂ ಇಂಗ್ಲಿಷ್ ಹಾಡಿನಿಂದ. 1945ರಲ್ಲಿ ಬಂದ ‘ಡಾಲ್ ಫೇಸ್’ ಅನ್ನೂ ಅಮೇರಿಕದ ಸಿನೆಮಾದಲ್ಲಿ ಕಾರ್ಮೆನ್ ಮಿರಾಂಡಾ ಅದನ್ನ ಹಾಡಿ ಕುಣಿದಿದ್ದಾರೆ. ಎಲ್ಲಿಯ ಅಮೇರಿಕ, ಎಲ್ಲಿಯ ಬೀಳಗಿ! ಮಧ್ಯದಲ್ಲಿ ಈ ಧಾಟಿಯನ್ನ ಹೊತ್ತು ತಂದವರು ಯಾರು ಅನ್ನೂದೇ ನಾ ಹೇಳೂಕೆ ಹೊರಟ ಕತೆ. ಅವರಲ್ಲಿ ಮುಕ್ಕಾಲು ಜನ ನಮ್ಮ ಮಾಜಾಳಿ ಗಡಿಯ ಆಚೆಯವರು.

ಜಾಝ್ ಕಾಲ ಅಂದ್ರೆ ಸುಮಾರು 1920ರಿಂದ ಮುಂದಿನ ಹತ್ತು ಹದಿನೈದು ವರ್ಷ. ಮೊದಲನೇ ಮಹಾಯುದ್ಧ ಮುಗಿದಿತ್ತು, ಬದುಕಿ ಉಳಿದವರಿಗೆ ಕುಣೀಬೇಕು ಅನ್ನಿಸಿತ್ತು. ಹೋಟೆಲುಗಳಲ್ಲಿ, ಹಡಗುಗಳಲ್ಲಿ, ದೊಡ್ಡ ದೊಡ್ಡ ಹಾಲ್‌ಗಳಲ್ಲಿ ಹತ್ತು ಹನ್ನೆರಡು ಜನರ ಬ್ಯಾಂಡು ಕೂತು ಬಾರಿಸೂದು, ಜೋಡಿ ಜೋಡಿಯಾಗಿ ಜನ ಫಾಕ್ಸ್‌ಟ್ರಾಟ್ ಕುಣಿಯೂದು. ಕಹಳೆ, ಸ್ಯಾಕ್ಸೊಫೋನು, ಬ್ಯಾಂಜೋ, ಪಿಯಾನೊ, ಡ್ರಮ್ಮು. ಅಮೇರಿಕದ ಕರಿಯ ಜನರ ಬಸ್ತಿಗಳಲ್ಲಿ, ಮುಖ್ಯವಾಗಿ ನ್ಯೂ ಆರ್ಲಿಯನ್ಸ್ ಅನ್ನೂ ಬಂದರು ಪಟ್ಟಣದಲ್ಲಿ ಹುಟ್ಟಿದ ತಾಳ ಅದು. ಬಿಳಿಯರು ಅದನ್ನ ತಕ್ಕಂಡು, ಸೂಟು ಹಾಕಿಸಿ, ಹೋಟೆಲಿಗೆ ಕರ್ಕಂಡು ಹೋದ್ರು. ರೊಕ್ಕ ಬಂದದ್ದೂ ಹೆಚ್ಚಾಗಿ ಅವರಿಗೇ.

ಇನ್ನು ಪ್ಲೇಟು. ನಮ್ಮ ಕಡೆ ಹಳಬರು ರೆಕಾರ್ಡು ಅನ್ನೂದಿಲ್ಲ, ಪ್ಲೇಟು ಅಂತಾರೆ. ಆಗಿನ ಪ್ಲೇಟು ಪ್ಲಾಸ್ಟಿಕ್ಕಿಂದಲ್ಲ, ಅರಗಿಂದು. ಲಕೋಟೆಗೆ ಒತ್ತೂ ಅರಗು, ಬಳೆ ಮಾಡೂ ಅರಗು ಅದೆಯಲ್ಲ, ಅದನ್ನೇ ಶುದ್ಧ ಮಾಡಿ ಕಲ್ಲಿನ ಪುಡಿ, ಕಾಡಿಗೆ ಸೇರಿಸಿ ಒತ್ತಿ ಮಾಡಿದ್ದು. ಜಗತ್ತಿಗೆ ಆ ಅರಗು ಹೆಚ್ಚಾಗಿ ಹೋಗ್ತಿದ್ದದ್ದು ಹಿಂದುಸ್ತಾನದಿಂದ. ಪಲಾಶ, ಕುಸುಮ, ಬೋರೆ ಮರಗಳ ಮೇಲೆ ಸಣ್ಣ ಹುಳ ಕಟ್ಟೂ ಗೂಡು ಅದು. ನ್ಯೂಯಾರ್ಕಿನಲ್ಲಿ ಕೂತು ಯಾರೋ ಹಾಡಿದ ಪದ ತಿರುಗ್ತಿದ್ದದ್ದು ನಮ್ಮ ಕಾಡಿನ ಅಂಟಿನ ಮೇಲೆ! ಇದನ್ನ ಓದಿದ ದಿನ ನನಗೆ ಎಷ್ಟು ಖುಷಿ ಆಯ್ತು ಅಂದ್ರೆ, ಅನ್ನ ತಳ ಹಿಡಿದದ್ದೂ ಗೊತ್ತಾಗಲಿಲ್ಲ.

ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯೂದು ಸುಮಾರು ಮೂರು ನಿಮಿಷ. ಹಂಗಾಗಿಯೇ ಆ ಕಾಲದ ಹಾಡು ಎಲ್ಲಾ ಮೂರು ನಿಮಿಷಕ್ಕೆ ಮುಗೀತದೆ, ಸಿನೆಮಾ ಹಾಡೂ ಅದೇ ಅಳತೆಗೆ ಬಂತು. ಮತ್ತೊಂದು ಸಂಗತಿ ಅದೆ. 1925ಕ್ಕೆ ಮುಂಚೆ ಹಾಡೂವವರು ದೊಡ್ಡ ಕೊಳವೆಯ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಕೂಗಬೇಕಿತ್ತು. ನಮ್ಮ ದೇಶದಲ್ಲಿ 1902ರಲ್ಲಿ ಮೊದಮೊದಲು ಪ್ಲೇಟು ಕೊಟ್ಟ ಗೌಹರ್ ಜಾನ್ ಕೂಡ ಹಂಗೇ ಹಾಡಿದ್ದು. ಪದ ಮುಗಿದ ಮೇಲೆ ಕೊನೆಯಲ್ಲಿ ತಮ್ಮ ಹೆಸರನ್ನ ಇಂಗ್ಲಿಷಿನಲ್ಲಿ ಕೂಗಿ ಹೇಳೂದು ಅವರ ರೂಢಿ. (ಅವರು ತೀರಿಕೊಂಡದ್ದು ಮೈಸೂರಲ್ಲಿ, 1930ರಲ್ಲಿ, ಅರಮನೆಯ ಆಶ್ರಯದಲ್ಲಿ ಇದ್ದಾಗ.) 1925ರಲ್ಲಿ ಮೈಕು ಬಂತು. ಕೂಗೂದು ಬೇಡ ಆಯ್ತು. ತೊಟ್ಟಿಲು ತೂಗೂವಾಗ ಹೇಳೂ ಹಾಂಗೆ ಮೆಲ್ಲಗೆ ಹಾಡಿದ್ರೂ ಪ್ಲೇಟಿನ ಮೇಲೆ ಕೂರೂಕೆ ಶುರುವಾಯ್ತು. ಮೂರು ನಾಲ್ಕು ದನಿ ಒಂದಕ್ಕೊಂದು ಅಂಟಿಕೊಂಡು, ಪಿಸುಮಾತಿನ ಹಾಂಗೆ ಹಾಡೂ ಗುಂಪುಗಳು ಹುಟ್ಟಿದ್ದು ಆ ಮೈಕಿನಿಂದ. ಅತ್ತಿಗೆ ‘ಮೂಗಲ್ಲಿ ಹಾಡ್ತಾರೆ’ ಅಂದದ್ದು ಇದನ್ನೇ.

ಆ ಗುಂಪುಗಳಲ್ಲಿ ನನಗೆ ಪ್ರಾಣ ಅಂದ್ರೆ ಬಾಸ್ವೆಲ್ ಅಕ್ಕತಂಗಿಯರು. ಮಾರ್ಥಾ, ಕಾನಿ, ವೆಟ್, ಮೂರು ಜನ. ನ್ಯೂ ಆರ್ಲಿಯನ್ಸಿನಲ್ಲಿ ಬೆಳೆದವರು. ಒಬ್ಬಳಿಗೆ ಪಿಯಾನೊ, ಒಬ್ಬಳಿಗೆ ಚೆಲ್ಲೊ, ಒಬ್ಬಳಿಗೆ ವಯೊಲಿನ್ನು ಮನೆಯಲ್ಲೇ ಪಾಠ. ಮಧ್ಯದವಳು ಕಾನಿಗೆ ಚಿಕ್ಕಂದಿನಿಂದ ನಡೆಯೂಕೆ ಬರ್ತಿರಲಿಲ್ಲ, ಕೂತೇ ಹಾಡ್ತಿದ್ದಳು. ವೇದಿಕೆಯಲ್ಲಿ ಗಾಲಿಕುರ್ಚಿ ಕಾಣದ ಹಾಂಗೆ ಉದ್ದ ಗೌನು ಹರಡಿಕೊಳ್ಳೂದು. ಅವರ ಪದ ಕೇಳಿದ್ರೆ, ಒಂದು ಚಾಲಿನಲ್ಲಿ ಹೋಗ್ತಾ ಇರ್ತದೆ, ಏಕ್‌ದಮ್ ನಿಧಾನ ಆಗ್ತದೆ, ಮತ್ತೆ ಎಲ್ಲಿಂದಲೋ ಓಡ್ತದೆ, ಮಧ್ಯದಲ್ಲಿ ಶಬ್ದವನ್ನೇ ಮುರಿದು ಅರ್ಥವಿಲ್ಲದ ಭಾಷೆ ಮಾಡಿ ಆಟ ಆಡ್ತಾರೆ. ಒಂದೇ ಮನೆಯ ಹುಡುಗೀರು ಕತ್ತಲೆಯಲ್ಲಿ ಚಾಪೆ ಮೇಲೆ ಮಲಗಿ, ದೊಡ್ಡವರಿಗೆ ತಿಳಿಯಬಾರದು ಅಂತ ಕಳ್ಳಭಾಷೆಯಲ್ಲಿ ಮಾತಾಡ್ತಾರಲ್ಲ, ಹಂಗೆ. ಎಲ್ಲಾ ಫಿಟ್ಜೆರಾಲ್ಡ್ ಅಂತ ಬಲು ದೊಡ್ಡ ಗಾಯಕಿ, ತಾನು ಚಿಕ್ಕವಳಿದ್ದಾಗ ಕಾನಿ ಹಾಡಿದ ಹಾಂಗೇ ಹಾಡಬೇಕು ಅಂದ್ಕಂಡಿದ್ದೆ ಅಂತ ಹೇಳಿದ್ದರು.

1931ರಿಂದ 1936ರವರೆಗೆ ಅಷ್ಟೇ ಅವರ ದೊಡ್ಡ ದಿನಗಳು. 1936ರಲ್ಲಿ ಗುಂಪು ನಿಂತಿತು. ಯಾಕೆ? ಮದುವೆ ಆಯ್ತು. ಮಾರ್ಥಾ ಮತ್ತು ವೆಟ್ ಹಾಡೂದು ಬಿಟ್ಟು ಮನೆ ಸೇರಿದ್ರು, ಕಾನಿ ಒಬ್ಬಳೇ ಮುಂದುವರಿದಳು. ಅಮೇರಿಕ ಅಂದ್ರೆ ನಾವು ಎಂತೆಂತದೋ ತಿಳ್ಕಂಡಿರ್ತೇವೆ. ಈ ಒಂದು ವಿಷಯದಲ್ಲಿ ಅವರ ಮನೆಯೂ ನಮ್ಮ ಮನೆಯೂ ಒಂದೇ ಕೇರಿಯಲ್ಲಿ ಇದ್ದ ಹಾಂಗೆ.

ಗಂಡಸರ ಗುಂಪಿನಲ್ಲಿ ಮಿಲ್ಸ್ ಅಣ್ಣತಮ್ಮಂದಿರು. ಒಹಾಯೋ ಸೀಮೆಯ ಪಿಕ್ವಾ ಅನ್ನೂ ಸಣ್ಣ ಊರಿನವರು, ಅಪ್ಪ ಕ್ಷೌರದ ಅಂಗಡಿಯವರು. ನಾಲ್ಕು ಹುಡುಗರಿಗೆ ಇದ್ದದ್ದು ಒಂದು ಗಿಟಾರು ಮಾತ್ರ. ಉಳಿದ ವಾದ್ಯ ಎಲ್ಲಾ ಬಾಯಿಯಿಂದ. ಮುಷ್ಟಿ ಮಾಡಿ ಬಾಯಿಗೆ ಹಿಡಿದ್ರೆ ಕಹಳೆ, ಗಂಟಲೊಳಗೆ ತಂತಿವಾದ್ಯ. ಜನ ನಂಬೂದಿಲ್ಲ ಅಂತ ಕಂಪನಿಯವರು ಪ್ಲೇಟಿನ ಮೇಲೇ ಅಚ್ಚು ಹಾಕಿದ್ದರು, ಇದರಲ್ಲಿ ಗಿಟಾರು ಬಿಟ್ಟರೆ ಬೇರೆ ವಾದ್ಯ ಇಲ್ಲ ಅಂತ. 1936ರಲ್ಲಿ ಹಿರಿಯ ಅಣ್ಣ ತೀರಿಹೋದ. ಅವನು ಹಾಡ್ತಿದ್ದ ತಗ್ಗಿನ ದನಿಯ ಜಾಗಕ್ಕೆ ಬಂದು ನಿಂತವರು ಸ್ವಂತ ಅಪ್ಪ. ಮುಂದೆ ವರ್ಷಾನುಗಟ್ಟಲೆ ಮಗನ ಪಾಲನ್ನ ಅಪ್ಪನೇ ಹಾಡಿದ್ರು. ಆಮೇಲಿನ ಪ್ಲೇಟು ಕೇಳೂವಾಗ ನಾ ಆ ತಗ್ಗಿನ ದನಿಯನ್ನೇ ಹುಡುಕ್ತೆ.

ಗುಂಪಿನಲ್ಲಿ ಹಾಡೂದು ಅಂದ್ರೆ ನಮಗೇನು ಹೊಸತೇ? ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನ ನೋಡಿದವರು, ಕೇಳಿದವರು ನಿಮ್ಮಲ್ಲಿ ರಾಶಿ ಜನ ಇದ್ದೀರಿ. 2017ರಲ್ಲಿ ಪದ್ಮಶ್ರೀ ಬಂದಾಗ ಊರಿಗೆ ಊರೇ ಹಿಗ್ಗಿತ್ತು. ಹಾಲಕ್ಕಿ ಹೆಂಗಸರು ಪದ ಹೇಳೂವಾಗ ಒಬ್ಬರು ಎತ್ತಿ ಕೊಡೂದು, ಉಳಿದವರು ಹಿಡ್ಕಂಡು ಹೋಗೂದು. ಉಸಿರು ಎಲ್ಲಿ ಮುರಿಯಿತು ಅಂತ ಗೊತ್ತೇ ಆಗೂದಿಲ್ಲ. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಎಲ್ಲರೂ ಒಂದೇ ಸ್ವರದಲ್ಲಿ ಸೇರ್ತಾರೆ, ಅವರಲ್ಲಿ ಒಬ್ಬರು ಸ, ಒಬ್ಬರು ಗ, ಒಬ್ಬರು ಪ ಹಿಡಿದು ಒಟ್ಟಿಗೆ ನಡೀತಾರೆ. ಮೂರು ಎಳೆ ಸೇರಿ ಒಂದು ಜಡೆ.

ಈ ಎಳೆ ಎಳೆಯ ಹಾಡಿಕೆ ನಮ್ಮ ಪಕ್ಕದಲ್ಲೇ ಮೊದಲಿಂದಲೂ ಇತ್ತು. ಗೋವೆಯ ಕ್ರಿಶ್ಚಿಯನ್ ಮನೆಗಳ ಮಾಂಡೊ ಕೇಳಿದ್ದೀರಲ್ಲ? ಗಂಡಸರ ಸಾಲು ಒಂದು, ಹೆಂಗಸರ ಸಾಲು ಒಂದು, ಮೆಲ್ಲಗೆ ಹೆಜ್ಜೆ ಹಾಕ್ತಾ ಎರಡು ದನಿಯಲ್ಲಿ ಹಾಡೂದು. ಕೂಡೆ ವಯೊಲಿನ್ನು ಮತ್ತು ಘುಮಟ್. ಆ ಘುಮಟ್ ಬೇರೆ ಎಂತದೂ ಅಲ್ಲ, ನಮ್ಮ ಹಾಲಕ್ಕಿಯವರ ಗುಮಟೆಯೇ. ಮಣ್ಣಿನ ಗಡಿಗೆ, ಒಂದು ಬಾಯಿಗೆ ಉಡದ ಚರ್ಮ (ಈಗ ಕಾನೂನು ಬಂದ ಮೇಲೆ ಆಡಿನ ಚರ್ಮ), ಇನ್ನೊಂದು ಬಾಯಿಯನ್ನ ಅಂಗೈಯಿಂದ ಮುಚ್ಚಿ ತೆಗೆದು ದನಿ ಏರಿಳಿಸೂದು. ಸುಗ್ಗಿ ಕುಣಿತದಲ್ಲೂ ಅದೇ ಗಡಿಗೆ, ಮಾಂಡೊದಲ್ಲೂ ಅದೇ ಗಡಿಗೆ.

ಪೋರ್ತುಗೀಸರ ಕಾಲದಲ್ಲಿ ಗೋವೆಯ ಇಗರ್ಜಿಗಳಲ್ಲಿ ಮಕ್ಕಳಿಗೆ ಪಾಠಶಾಲೆ ಇತ್ತು. ಅಲ್ಲಿ ಪ್ರಾರ್ಥನೆಯ ಕೂಡೆ ಸಂಗೀತವನ್ನೂ ಬರೆದು ಓದೂಕೆ ಕಲಿಸ್ತಿದ್ದರು. ಐದು ಗೀಟಿನ ಮೇಲೆ ಚುಕ್ಕಿ ಇಟ್ಟು ಬರೆಯೂ ಸ್ವರಲಿಪಿ, ವಯೊಲಿನ್ನು, ಕೋರಸ್ಸು. ಬಡವರ ಮನೆಯ ಹುಡುಗ ಹೊಲದಿಂದ ಬಂದು ಕೈಕಾಲು ತೊಳೆದು ಸ್ವರ ಓದ್ತಿದ್ದ. ಊರಲ್ಲಿ ಕೆಲಸ ಇರಲಿಲ್ಲ. ದೊಡ್ಡವನಾದ ಮೇಲೆ ವಯೊಲಿನ್ ಪೆಟ್ಟಿಗೆ ಹಿಡ್ಕಂಡು ಮುಂಬೈ ಹಾದಿ ಹಿಡಿದ. ಮುಂಬೈಯ ಧೋಬಿ ತಲಾವಿನಲ್ಲಿ ಗೋವೆಯ ಒಂದೊಂದು ಊರಿನವರದ್ದೂ ‘ಕೂಡ್’ ಅಂತ ವಸತಿ ಇತ್ತು. ತಿಂಗಳಿಗೆ ಸ್ವಲ್ಪ ರೊಕ್ಕ ಕೊಟ್ಟರೆ ಟ್ರಂಕು ಇಡೂಕೆ ಜಾಗ, ಮಲಗೂಕೆ ಚಾಪೆ, ಸಂಜೆ ಒಟ್ಟಿಗೆ ಜಪ.

ನಮ್ಮ ಕಾರವಾರ, ಅಂಕೋಲೆಯವರಿಗೂ ಆಗ ಮುಂಬೈಯೇ ರಾಜಧಾನಿ. 1862ರಲ್ಲಿ ಉತ್ತರ ಕನ್ನಡವನ್ನ ಮದ್ರಾಸಿನಿಂದ ಬಿಡಿಸಿ ಮುಂಬೈ ಇಲಾಖೆಗೆ ಸೇರಿಸಿದ್ದರು, 1956ರವರೆಗೆ ನಾವು ಅಲ್ಲೇ. ಆಗಬೋಟು ಹತ್ತಿದ್ರೆ ಮುಂಬೈ. ಮಳೆಗಾಲ ಶುರುವಾದ್ರೆ ಆಗಬೋಟು ಬಂದ್, ಹೋದವರು ಹೋದಲ್ಲಿ, ಇದ್ದವರು ಇದ್ದಲ್ಲಿ. ಹೋದವರು ವಾಪಸ್ ಬರೂವಾಗ ತಂದದ್ದರಲ್ಲಿ ಛತ್ರಿ, ಗಡಿಯಾರ, ಹಲ್ವದ ಕೂಡೆ ಅಲ್ಲೊಂದು ಇಲ್ಲೊಂದು ಕೀಲಿ ಕೊಡೂ ಗ್ರಾಮಫೋನೂ ಇರ್ತಿತ್ತು.

ಜಾಝ್ ನಮ್ಮ ದೇಶಕ್ಕೆ ಬಂದದ್ದು ಸಾಹೇಬರ ಹೋಟೆಲುಗಳಿಂದ. ಇಂಗ್ಲೆಂಡಿನ ಡಾನ್ಸ್ ಬ್ಯಾಂಡುಗಳ ಗಾಯಕರಲ್ಲಿ ಎಲ್ಲರಿಗಿಂತ ಹೆಸರಾದ ಆಲ್ ಬೌಲಿ, ಲಂಡನ್ನಿಗೆ ಹೋಗೂ ಮುಂಚೆ, 1920ರ ದಶಕದಲ್ಲಿ ಕಲ್ಕತ್ತೆಯ ಬ್ಯಾಂಡಿನಲ್ಲಿ ಹೊಟ್ಟೆ ಹೊರ್ಕಂಡಿದ್ದವ. ಅವನು ಹುಟ್ಟಿದ್ದು ಪೋರ್ತುಗೀಸರ ಮೊಜಾಂಬಿಕ್ಕಿನಲ್ಲಿ, ಮೊದಲು ಕಸುಬು ಕ್ಷೌರ. ತುಪ್ಪದ ಹಾಂಗಿನ ದನಿ. 1941ರ ಏಪ್ರಿಲ್‌ನಲ್ಲಿ ಲಂಡನ್ನಿನ ತನ್ನ ಮನೆಯಲ್ಲಿದ್ದಾಗ ಜರ್ಮನರ ಬಾಂಬಿಗೆ ಸಿಕ್ಕಿ ಸತ್ತ.

ಮುಂಬೈಗೆ ನಿಜವಾದ ಜಾಝ್ ಬಂದದ್ದು 1935ರಲ್ಲಿ. ಲಿಯಾನ್ ಆ್ಯಬಿ ಅನ್ನೂ ವಯೊಲಿನ್ ವಾದಕ ಅಮೇರಿಕದ ಕರಿಯ ವಾದಕರದ್ದೇ ಒಂದು ಬ್ಯಾಂಡು ಕಟ್ಟಿಕೊಂಡು ತಾಜ್‌ಮಹಲ್ ಹೋಟೆಲಿಗೆ ಬಂದರು. ಆಮೇಲೆ ಕಹಳೆಯ ಕ್ರಿಕೆಟ್ ಸ್ಮಿತ್, ಪಿಯಾನೊದ ಟೆಡ್ಡಿ ವೆದರ್‌ಫರ್ಡ್. ತಮ್ಮ ದೇಶದಲ್ಲಿ ಬಿಳಿಯರ ಹೋಟೆಲಿನ ಮುಂಬಾಗಿಲಿನಿಂದ ಒಳಗೆ ಬಿಡದವರಿಗೆ ಇಲ್ಲಿ ಮರ್ಯಾದೆ ಸಿಕ್ಕಿತು. ವೆದರ್‌ಫರ್ಡ್ ವಾಪಸ್ ಹೋಗಲೇ ಇಲ್ಲ, 1945ರಲ್ಲಿ ಕಲ್ಕತ್ತೆಯಲ್ಲಿ ಕಾಲರಾ ಆಗಿ ತೀರಿಹೋದರು. ಆದರೆ ತಾಜ್‌ನಲ್ಲಿ ಕುಣಿದವರು ಯಾರು? ರಾಜರು, ಸಾಹೇಬರು, ದೊಡ್ಡ ಸಾಹುಕಾರರು. ನಮ್ಮಂಥವರಿಗೆ ಅದರ ಬಾಗಿಲೂ ಕಾಣ್ತಿರಲಿಲ್ಲ. ಹೊಟ್ಟೆಕಿಚ್ಚಿಂದ ಹೇಳೂದಲ್ಲ, ಇದ್ದದ್ದು ಹೇಳಿದೆ.

ಅಲ್ಲಿ ಒಳಗೆ ಹೋದವರು ಗೋವೆಯ ವಾದಕರು. ಸ್ವರ ಓದೂಕೆ ಬರ್ತಿತ್ತು, ಇಂಗ್ಲಿಷ್ ಪದ್ಧತಿಯ ವಾದ್ಯ ಬರ್ತಿತ್ತು, ಅಮೇರಿಕದವರ ಪಕ್ಕ ಕೂತು ಬಾರಿಸ್ತಾ ಬಾರಿಸ್ತಾ ಆ ತೂಗಾಟವನ್ನೂ ಕಲಿತರು. ಫ್ರಾಂಕ್ ಫರ್ನಾಂಡ್ ವೆದರ್‌ಫರ್ಡ್ ಅವರ ಬ್ಯಾಂಡಿನಲ್ಲಿ ಕಹಳೆ ಊದಿದವರು. ಮಿಕಿ ಕೊರೆಯಾ ತಾಜ್‌ನ ಬ್ಯಾಂಡನ್ನ ಎಷ್ಟೋ ವರ್ಷ ನಡೆಸಿದರು. ಆಲ್ದೋನಾ ಊರಿನ ಆಂತೋನಿಯೊ ಶಾವಿಯೆರ್ ವಾಝ್, ಜನ ಕರೆದದ್ದು ಚಿಕ್ ಚಾಕೊಲೇಟ್ ಅಂತ, ಲೂಯಿ ಆರ್ಮ್‌ಸ್ಟ್ರಾಂಗ್ ಊದಿದ ಹಾಂಗೆಯೇ ಊದಿ, ಅವರ ಹಾಂಗೆಯೇ ದಪ್ಪ ಗಂಟಲಲ್ಲಿ ಹಾಡ್ತಿದ್ದರು. ಇವರೆಲ್ಲರ ಕತೆಯನ್ನ ನರೇಶ್ ಫರ್ನಾಂಡಿಸ್ ಅನ್ನೂ ಮುಂಬೈಯ ಪತ್ರಕರ್ತರು ‘ತಾಜ್‌ಮಹಲ್ ಫಾಕ್ಸ್‌ಟ್ರಾಟ್’ ಅಂತ 2012ರಲ್ಲಿ ಪುಸ್ತಕ ಮಾಡಿದ್ದಾರೆ. ಇಂಗ್ಲಿಷ್ ಓದೂ ಮಗಳಂದಿರಿಗೆ ಹೇಳಿ, ತರಿಸಿಕೊಳ್ಳಲಿ.

ಸ್ವಾತಂತ್ರ್ಯ ಬಂತು, ಸಾಹೇಬರು ಹಡಗು ಹತ್ತಿದ್ರು, ರಾಜರ ರೊಕ್ಕ ಕರಗಿತು. ಅದರ ಮೇಲೆ ಪಾನನಿಷೇಧ. 1949ರ ಮುಂಬೈ ಕಾಯ್ದೆ ಗೊತ್ತಲ್ಲ, ನಮ್ಮ ಕಾರವಾರವೂ ಆಗ ಮುಂಬೈ ರಾಜ್ಯವೇ. ನಮ್ಮ ಅಜ್ಜಿಯಂದಿರಿಗೆ ಆ ಕಾಯ್ದೆ ಬಂದದ್ದು ಸಮಾಧಾನವೇ. ಆದ್ರೆ ಗುಟ್ಟಾಗಿ ಗೋವೆಯ ಬದಿಯಿಂದ ಬರೂದು ನಿಂತಿತೇ? ಅದು ಬೇರೆ ಕತೆ, ಇಲ್ಲಿ ಬೇಡ. ಬ್ಯಾಂಡಿನವರಿಗೆ ಮಾತ್ರ ಅದು ಹೊಟ್ಟೆಯ ಮೇಲೆ ಹೊಡೆತ. ಕುಡಿಯೂಕೆ ಇಲ್ಲದ ಹೋಟೆಲಿಗೆ ಕುಣಿಯೂಕೆ ಬರೂವವರು ಯಾರು? ಒಂದೊಂದೇ ಬ್ಯಾಂಡು ಮುಚ್ಚಿತು. ವಾದಕರು ಸಿನೆಮಾ ಸ್ಟುಡಿಯೋಗಳ ಬಾಗಿಲಿಗೆ ಹೋದರು.

ಅಲ್ಲಿಂದ ನಮ್ಮ ಮನೆಯೊಳಗೆ ಬಂದರು.

ಕೆಲಸ ನಡೀತಿದ್ದದ್ದು ಹೆಂಗೆ ಅಂತ ಕೇಳಿ. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಹಿಡಿದು ಧಾಟಿ ಹಾಡಿ ತೋರಿಸೂದು. ನಲವತ್ತು ಐವತ್ತು ಜನ ವಾದಕರು ಒಟ್ಟಿಗೆ ಬಾರಿಸಬೇಕಾದ್ರೆ ಯಾರು ಎಲ್ಲಿ ಎಂತ ಬಾರಿಸೂದು ಅಂತ ಯಾರಾದ್ರೂ ಬರೆದು ಕೊಡಬೇಕಲ್ಲ. ಬರೆಯೂಕೆ ಬರೂದು ಗೋವೆಯವರಿಗೆ. ಅರೇಂಜರ್ ಅಂತ ಕರೀತಾರೆ. ಅವರು ಕೂತು ವಯೊಲಿನ್ನಿಗೆ ಒಂದು ಹಾಳೆ, ಕಹಳೆಗೆ ಒಂದು ಹಾಳೆ, ಮಧ್ಯದ ತುಂಡು, ಶುರುವಿನ ತುಂಡು ಎಲ್ಲಾ ಬರೆದು ಹಂಚೂದು. ಶಂಕರ್-ಜೈಕಿಶನ್ ಅವರಿಗೆ ಸೆಬಾಸ್ಟಿಯನ್ ಡಿಸೋಜಾ ಇದ್ದರು, ಅವರು ದೇಶ ಒಡೆಯೂ ಮುಂಚೆ ಲಾಹೋರಿನಲ್ಲಿ ಬ್ಯಾಂಡು ನಡೆಸಿದವರು. ಮಜೋರ್ಡಾದ ಆಂತೋನಿ ಗೊನ್ಸಾಲ್ವಿಸ್ ವಯೊಲಿನ್ ವಾದಕರು, ಅರೇಂಜರ್, ಮೇಲಿಂದ ಮೇಷ್ಟ್ರು. 1977ರಲ್ಲಿ ‘ಅಮರ್ ಅಕ್ಬರ್ ಆಂತೋನಿ’ಯಲ್ಲಿ ಅಮಿತಾಭ್ ಮೊಟ್ಟೆಯೊಳಗಿಂದ ಎದ್ದು ಬಂದು ಒಂದು ಹೆಸರು ಹೇಳ್ತಾರಲ್ಲ? ಅದು ಕತೆಗಾರ ಕಟ್ಟಿದ ಹೆಸರಲ್ಲ, ಸಂಗೀತ ನಿರ್ದೇಶಕ ಪ್ಯಾರೇಲಾಲ್ ತಮ್ಮ ವಯೊಲಿನ್ ಗುರುವಿಗೆ ಸಲ್ಲಿಸಿದ ಕಾಣಿಕೆ. ನಾವು ಆ ಹೆಸರನ್ನ ನಕ್ಕು ನಕ್ಕು ಹೇಳಿದ್ದೇ ಬಂತು. ಅಂಥ ಒಬ್ಬ ಮನುಷ್ಯ ಮುಂಬೈಯಲ್ಲಿ ಸ್ವರ ಬರೆದು ಬರೆದು ಬೆರಳು ಸವೆಸಿದ್ದು ಎಷ್ಟು ಜನರಿಗೆ ಗೊತ್ತಿತ್ತು?

ನನಗೆ ಸಿಟ್ಟು ಬರೂದು ಇಲ್ಲೇ. ಸಿನೆಮಾದ ಶುರುವಿನಲ್ಲಿ ಹೆಸರು ತೋರಿಸೂವಾಗ ಬಟ್ಟೆ ಹೊಲಿದವರ ಹೆಸರು ಬರ್ತದೆ, ಅರೇಂಜರ್ ಹೆಸರು ಬರೂದು ಅಪರೂಪ, ಬಾರಿಸಿದವರ ಹೆಸರು ಇಲ್ಲವೇ ಇಲ್ಲ. ಪ್ಲೇಟಿನ ಮೇಲೂ ಗಾಯಕರ ಹೆಸರು, ಸಂಗೀತ ನಿರ್ದೇಶಕರ ಹೆಸರು, ಸಿನೆಮಾದ ಹೆಸರು. ಇವರಿಗೆ ಆ ದಿನದ ಕೂಲಿ, ಅಲ್ಲಿಗೆ ಮುಗೀತು. ಮನೆಯಲ್ಲಿ ಅಡುಗೆ ಮಾಡಿದವಳ ಹೆಸರು ಲಗ್ನಪತ್ರಿಕೆಯಲ್ಲಿ ಬರೂದಿಲ್ಲವಲ್ಲ, ಅದೇ ಕತೆ.

ಒಂದು ಕಡೆ ಮಾತ್ರ ಅವರನ್ನ ಕಣ್ಣಾರೆ ನೋಡೂಕೆ ಸಿಗ್ತದೆ. 1951ರ ‘ಅಲ್ಬೇಲಾ’ ಸಿನೆಮಾದಲ್ಲಿ. ಮುಂದೆ ಭಗವಾನ್ ದಾದಾ ಮತ್ತು ಗೀತಾ ಬಾಲಿ ಕುಣೀತಾ ಇರ್ತಾರೆ, ಹಿಂದೆ ಝಾಲರಿ ತೋಳಿನ ಅಂಗಿ ಹಾಕ್ಕಂಡು ಒಂದು ಬ್ಯಾಂಡು. ಅದು ಸಿನೆಮಾದ ಸುಳ್ಳು ಬ್ಯಾಂಡಲ್ಲ, ಚಿಕ್ ಚಾಕೊಲೇಟ್ ಮತ್ತು ಅವರ ನಿಜವಾದ ತಂಡ. ಮುಂದಿನ ಸಲ ಹಾಕಿದಾಗ ಭಗವಾನ್ ದಾದಾರನ್ನ ಬಿಟ್ಟು ಹಿಂದೆ ನೋಡಿ. ಅವರೂ 1967ರಲ್ಲಿ, ಇನ್ನೂ ದುಡಿಯೂ ವಯಸ್ಸಿನಲ್ಲೇ ತೀರಿಹೋದರು.

ಕೊಂಕಣಿ ಮಾತಾಡೂ ಮನೆಯವರಿಗೆ ಇದರ ಇನ್ನೊಂದು ಕೊಂಬೆ ಗೊತ್ತಿರ್ತದೆ. ಅದೇ ಫ್ರಾಂಕ್ ಫರ್ನಾಂಡ್ ಮುಂದೆ 1963ರಲ್ಲಿ ‘ಆಮ್ಚೆಂ ನಶೀಬ್’, 1966ರಲ್ಲಿ ‘ನಿರ್ಮೊಣ್’ ಅಂತ ಕೊಂಕಣಿ ಸಿನೆಮಾ ತೆಗೆದರು. ಮಡಗಾಂವಿನ ಕಹಳೆಯ ಕ್ರಿಸ್ ಪೆರಿ ಬರೆದ, ಬಾರಿಸಿದ ಪದಗಳನ್ನ ಲೋರ್ನಾ ಹಾಡಿದ್ದನ್ನ ಸದಾಶಿವಗಡದಲ್ಲಿ, ಕೋಡಿಬಾಗದಲ್ಲಿ ಕೇಳದ ಕಿವಿ ಇಲ್ಲ. ಕೊಂಕಣಿ ಅಂದ್ರೆ ಬರೀ ಆರತಿ, ಭಜನೆ, ಲಗ್ನದ ಹಾಡು ಅಂದ್ಕಂಡವರಿಗೆ ಲೋರ್ನಾ ದನಿ ಕೇಳಿದ್ರೆ ಎದೆ ಝಲ್ ಅಂತದೆ. ಹರೆಯದಲ್ಲೇ ಬ್ಯಾಂಡಿಗೆ ಬಂದ ಹುಡುಗಿ. ಪೆರಿಯವರ ಕೂಡೆ ಮುರಿದು ಬಿದ್ದ ಮೇಲೆ ವರ್ಷಾನುಗಟ್ಟಲೆ ಮೌನ. 1995ರಲ್ಲಿ ಮತ್ತೆ ವೇದಿಕೆ ಹತ್ತಿದರು. ಆ ಜೋಡಿಯ ಬದುಕಿನ ನೆರಳಿನಲ್ಲಿ 2014ರಲ್ಲಿ ‘ನಾಚೂಂಯಾ ಕುಂಪಾಸಾರ್’ ಸಿನೆಮಾ ಬಂತು. ನೋಡದವರು ನೋಡಿ, ಹಾಡುಗಳೇ ಕತೆ ಹೇಳ್ತಾವೆ. ನೋಡಿದ ಮೇಲೆ ಬಾಸ್ವೆಲ್ ಅಕ್ಕತಂಗಿಯರದ್ದು ಒಂದು ಪದ ಹಾಕಿ ಕೇಳಿ. ಒಂದು ಕಡೆ ಮದುವೆಗೆ ನಿಂತ ದನಿ, ಒಂದು ಕಡೆ ಜಗಳಕ್ಕೆ ನಿಂತ ದನಿ. ಗಂಡಸರ ಬ್ಯಾಂಡು ಮುರಿದ್ರೆ ಅವರು ಇನ್ನೊಂದು ಬ್ಯಾಂಡು ಸೇರ್ತಾರೆ.

ಇ‌ನ್ನು ಕೇಳೂದು ಹೆಂಗೆ? ಅತ್ತಿಗೆ, ನಿಮಗೇ ಹೇಳ್ತೆ. ಶಬ್ದದ ಅರ್ಥಕ್ಕೆ ಹೋಗಬೇಡಿ, ಹೆಚ್ಚಿನವು ಚಂದ್ರ, ಮುತ್ತು, ಬಿಟ್ಟು ಹೋದ ನಲ್ಲ, ಅಷ್ಟೇ. ಮೊದಲು ತಾಳ ಹಿಡೀರಿ. ಒಂದು ಎರಡು ಮೂರು ನಾಲ್ಕು ಅಂತ ಎಣಿಸಿ. ನಾವು ಭಜನೆಯಲ್ಲಿ ಒಂದಕ್ಕೆ ಚಪ್ಪಾಳೆ ಹೊಡೀತೇವೆ. ಇಲ್ಲಿ ಎರಡಕ್ಕೆ, ನಾಲ್ಕಕ್ಕೆ ಚಿಟಿಕೆ ಹೊಡೀರಿ. ಮೊದಲ ದಿನ ಕೈ ಕೇಳೂದಿಲ್ಲ, ಒಂದಕ್ಕೇ ಓಡ್ತದೆ. ಹೊಂದಿದ ದಿನ ತಾನಾಗಿಯೇ ಹೆಗಲು ಅಲ್ಲಾಡ್ತದೆ, ಮೈಯೊಳಗೆ ಒಂದು ಜೋಕಾಲಿ ಕಟ್ಟಿದ ಹಾಂಗೆ. ಆಮೇಲೆ ತಗ್ಗಿನ ವಾದ್ಯವನ್ನ ಮಾತ್ರ ಕೇಳಿ, ಇನ್ನೊಂದು ಸಲ ಹಾಕಿ ಕಹಳೆಯನ್ನ ಮಾತ್ರ ಕೇಳಿ, ಮತ್ತೊಂದು ಸಲ ಮೂರು ದನಿಯಲ್ಲಿ ಮಧ್ಯದ್ದನ್ನ ಮಾತ್ರ. ಮಧ್ಯದ ದನಿ ಹಿಡಿಯೂದೇ ಕಷ್ಟ, ಸಿಕ್ಕಿದ್ರೆ ಅದೇ ಸಕ್ಕರೆ. ಶುರು ಮಾಡೂಕೆ ಬಾಸ್ವೆಲ್ಲರ ‘ಎವ್ರಿಬಡಿ ಲವ್ಸ್ ಮೈ ಬೇಬಿ’ ಮತ್ತು ಮಿಲ್ಸ್ ಅವರ ‘ಟೈಗರ್ ರ‍್ಯಾಗ್’ ಸಾಕು. ಯೂಟ್ಯೂಬಿನಲ್ಲಿ ಎರಡೂ ಅವೆ. ಕರಕರ ಸದ್ದು ಬರ್ತದೆ, ಹೆದರಬೇಡಿ, ಅದು ಅರಗಿನ ಮೇಲೆ ಸೂಜಿ ಉಜ್ಜೂ ಸದ್ದು.

ಅಟ್ಟದ ಮೇಲೆ ಪ್ಲೇಟು ಇದ್ದವರಿಗೆ ಎರಡು ಮಾತು. ಸೀಬರ್ಡ್ ನೌಕಾನೆಲೆಗೆ ಅಂತ ಕಾರವಾರ, ಅಂಕೋಲೆ ತಾಲೂಕಿನ ಸಮುದ್ರದ ಬದಿಯ ಊರುಗಳು ಎದ್ದು ಹೋದಾಗ, ಆಮೇಲೆ ಹೆದ್ದಾರಿ ಅಗಲ ಮಾಡೂಕೆ ಮನೆ ಒಡೆದಾಗ, ಅಟ್ಟದ ಸಾಮಾನು ಎಷ್ಟು ಗುಜರಿಗೆ ಹೋಯ್ತೋ ಲೆಕ್ಕ ಇಟ್ಟವರಿಲ್ಲ. ಉಳಿದದ್ದನ್ನ ಹಾಳು ಮಾಡಬೇಡಿ. ಪ್ಲೇಟನ್ನ ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಂಗೆ ನೇರ ನಿಲ್ಲಿಸಿ. ಬಿಸಿಲಿಗೆ ಇಡಬೇಡಿ, ಅರಗು ಮೆತ್ತಗಾಗಿ ಸೊಟ್ಟ ಆಗ್ತದೆ. ಮಳೆಗಾಲದ ಬೂಸ್ಟು ಹಿಡಿದಿದ್ರೆ ತಣ್ಣೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ, ಮೆತ್ತಗಿನ ಬಟ್ಟೆ ಅದ್ದಿ ಹಿಂಡಿ, ಗೆರೆಯ ಉದ್ದಕ್ಕೂ ಸುತ್ತ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಒರೆಸಿ. ನಡುವಿನ ಕಾಗದಕ್ಕೆ ನೀರು ತಾಗಬಾರದು. ಸ್ಪಿರಿಟ್ಟು, ಸ್ಯಾನಿಟೈಸರ್, ಉಗುರು ಬಣ್ಣ ತೆಗೆಯೂ ಎಣ್ಣೆ ಯಾವುದೂ ಬೇಡವೇ ಬೇಡ, ಅರಗು ಅದರಲ್ಲಿ ಕರಗ್ತದೆ, ಪದದ ಸಮೇತ. ಹಳೆ ಗ್ರಾಮಫೋನಿನ ಉಕ್ಕಿನ ಸೂಜಿಯನ್ನ ಪ್ರತಿ ಮಗ್ಗುಲಿಗೂ ಬದಲು ಮಾಡಬೇಕು, ಒಂದೇ ಸೂಜಿಯಲ್ಲಿ ಹತ್ತು ಸಲ ಹಾಕಿದ್ರೆ ಅದು ಉಳಿ ಆಗಿ ಗೆರೆ ಕಡೀತದೆ. ಈಗಿನ ಹೊಸ ಮೆಷಿನ್ನಿನಲ್ಲಿ ಹಾಕೂದಾದ್ರೆ 78ರ ವೇಗ, 78ಕ್ಕೆ ಅಂತಲೇ ಇರೂ ಸೂಜಿ ಎರಡೂ ಇರಬೇಕು.

ಮತ್ತೆ, ಲೇಬಲ್ಲಿನ ಒಂದು ಫೋಟೋ ತೆಗೆದು ನನಗೆ ಕಳಿಸಿ. ಹಿಂದಿಯೋ, ಮರಾಠಿಯೋ, ಕೊಂಕಣಿಯೋ, ಇಂಗ್ಲಿಷೋ, ಯಾವುದಾದ್ರೂ ಅಡ್ಡಿಲ್ಲ. ಅದನ್ನ ಮನೆಗೆ ತಂದವರು ಯಾರು, ಯಾವ ಕೆಲಸಕ್ಕೆ ಮುಂಬೈಗೆ ಹೋಗಿದ್ದರು, ಮನೆಯಲ್ಲಿ ಯಾರು ಕೀಲಿ ಕೊಡ್ತಿದ್ದರು, ಹೆಂಗಸರನ್ನ ಕೇಳೂಕೆ ಹೊರಗೆ ಬಿಡ್ತಿದ್ದರೋ ಅಥವಾ ಅಡುಗೆ ಮನೆಯ ಬಾಗಿಲ ಸಂದಿಯಿಂದಲೇ ಕೇಳಬೇಕಿತ್ತೋ, ನೆನಪಿದ್ದವರು ಇರೂವಾಗಲೇ ಕೇಳಿ ಒಂದು ಸಾಲು ಬರೀರಿ. ಮಳೆ ಹಿಡಿಯೂ ಮುಂಚೆ ಅಟ್ಟ ಹತ್ತಿದ್ರೆ ಚೊಲೊ.